ಕಾಟನ್ ದೊರೆ

ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಹಿರಿಯರ ಜೀವನದ ಬಗ್ಗೆ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ, ನೀರಾವರಿ ಇಲಾಖೆಯಿಂದ ನಿವೃತ್ತನಾದ ನಾನು ಸರ್ ಎಂ.ವಿ. ಅವರ ಬಗ್ಗೆಯೇ ಬರೆಯುತ್ತೇನೆ ಎಂದು ಅವರು ಎಣಿಸಿರಬೇಕು. ಸರ್ ಎಂ.ವಿ. ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ನಾನು ಆರಿಸಿಕೊಂಡವರು ಸರ್ ಆರ್ಥರ್ ಕಾಟನ್. ನನ್ನ ತರಗತಿಯಲ್ಲಿ ಕ್ಯಾಂಪುಗಳಿಂದ ಬರುವ ಹುಡುಗರು ಬಹಳ ಜನ ಇದ್ದರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗೋದಾವರಿ, ಕೃಷ್ಣಾ ಜಿಲ್ಲೆಗಳಿಂದ ಬಂದು ಇಲ್ಲಿ ಭತ್ತ ಬೆಳೆದ ಮನೆತನದವರು. ಅಂಥ ಒಂದು ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಒಬ್ಬ ಇಂಗ್ಲಿಷ್ ಮುದುಕರ ಪಟವಿತ್ತು. ಆ ಮನೆಯ ಅಜ್ಜಿ ಅವರನ್ನು ಕಾಟನ್ ದೊರೆ ಎನ್ನುತ್ತಿದ್ದರು, ಅದೂ ಕೈಮುಗಿದು.

ಈ ದೊರೆ ಮೊದಲಿಗೆ ಸಿಪಾಯಿ. 1803ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ, ತಂದೆಗೆ ಹತ್ತನೆಯ ಮಗ. ಹದಿನೈದರ ಹರೆಯದಲ್ಲೇ ಕಂಪನಿ ಸರ್ಕಾರದ ಸೈನಿಕ ಶಾಲೆ ಸೇರಿ, 1821ರಲ್ಲಿ ಮದ್ರಾಸಿಗೆ ಬಂದರು. ಮೊದಲ ಬರ್ಮಾ ಯುದ್ಧದಲ್ಲಿ ಕೋಟೆಗಳಿಗೆ ನುಗ್ಗುವ ದಳಗಳ ಮುಂದೆ ನಡೆದವರು. ಯುದ್ಧದ ವಿಷಯ ಇಷ್ಟು ಸಾಕು.

ಅವರ ನಿಜವಾದ ಪಾಠಶಾಲೆ ಕಾವೇರಿ. ಆಗ ಕಾವೇರಿಯ ಪಾತ್ರದಲ್ಲಿ ಹೂಳು ತುಂಬಿ, ನೀರೆಲ್ಲ ತಗ್ಗಿನ ಕೊಳ್ಳಿಡಂ ಕವಲಿಗೆ ಹರಿದುಹೋಗಿ, ತಂಜಾವೂರಿನ ಗದ್ದೆಗಳು ಒಣಗತೊಡಗಿದ್ದವು. ಕಾಟನ್ 1836ರ ಹೊತ್ತಿಗೆ ಕೊಳ್ಳಿಡಂಗೆ ಎರಡು ಅಡ್ಡಗಟ್ಟೆ ಕಟ್ಟಿ ತಂಜಾವೂರನ್ನು ಉಳಿಸಿದರು. ಅದಕ್ಕಿಂತ ದೊಡ್ಡ ಮಾತೆಂದರೆ, ಅಲ್ಲೇ ಚೋಳರ ಕಾಲದ ಕಲ್ಲಣೈಯನ್ನು ಅವರು ಕೂತು ಓದಿದ್ದು. ಬಂಡೆ ಸಿಗದ ಹೊಳೆಯಲ್ಲಿ ಬರೀ ಮರಳಿನ ಮೇಲೆ ಕಟ್ಟೆ ನಿಲ್ಲುವುದು ಹೇಗೆ? ಕಲ್ಲು ಹಾಕುತ್ತಾ ಹೋದರೆ ಅದು ಮರಳಿನಲ್ಲಿ ಕುಸಿಯುತ್ತದೆ, ಮತ್ತೆ ಹಾಕಬೇಕು, ಒಂದು ಆಳಕ್ಕೆ ಹೋದ ಮೇಲೆ ಕುಸಿಯುವುದು ನಿಲ್ಲುತ್ತದೆ. ಈ ಗುಟ್ಟನ್ನು ನಮ್ಮ ಹಳೆಯ ಜನರಿಂದಲೇ ಕಲಿತೆ ಎಂದು ಕಾಟನ್ ಬಾಯಿಬಿಟ್ಟು ಒಪ್ಪಿಕೊಂಡರು. ಆಳುವ ಜನಾಂಗದ ಅಧಿಕಾರಿಯೊಬ್ಬ ಅಂದು ಹಾಗೆ ಒಪ್ಪುವುದು ಸಣ್ಣ ವಿಷಯವಲ್ಲ.

ಆ ಪಾಠ ಗೋದಾವರಿಯಲ್ಲಿ ಕೆಲಸಕ್ಕೆ ಬಂತು. 1833ರ ಬರ, 1839ರ ಚಂಡಮಾರುತ ಎರಡೂ ಸೇರಿ ಆ ಸೀಮೆ ಹಾಳುಬಿದ್ದಿತ್ತು. ಅಷ್ಟು ದೊಡ್ಡ ಹೊಳೆ ಪಕ್ಕದಲ್ಲೇ ಹರಿದು ಸಮುದ್ರ ಸೇರುತ್ತಿದ್ದರೂ ಜನ ಹಸಿವಿನಿಂದ ಸಾಯುತ್ತಿದ್ದರು. ಕಾಟನ್ 1844ರಲ್ಲಿ ವರದಿ ಕೊಟ್ಟರು. 1847ರಲ್ಲಿ ಧವಳೇಶ್ವರದಲ್ಲಿ ಕೆಲಸ ಶುರುವಾಯಿತು. ನಡುಗಡ್ಡೆಗಳನ್ನು ಬಿಟ್ಟು ಕಟ್ಟಡದ ಉದ್ದವೇ ಸುಮಾರು ಮೂರೂವರೆ ಕಿಲೋಮೀಟರ್. ನಮ್ಮ ಡ್ಯಾಮಿನ ಹಾಗೆ ನೀರು ಕೂಡಿಡುವ ಕಟ್ಟೆಯಲ್ಲ ಅದು. ಹೊಳೆಯ ಮಟ್ಟವನ್ನು ತುಸು ಎತ್ತಿ ಎರಡೂ ದಂಡೆಯ ಕಾಲುವೆಗಳಿಗೆ ತಿರುಗಿಸುವ ಒಡ್ಡು. ಮರಳಲ್ಲಿ ಬಾವಿಗಳನ್ನು ಇಳಿಸಿ ಅದರ ಮೇಲೆ ಗೋಡೆ, ಕೆಳಬದಿಗೆ ಬಿಡಿಗಲ್ಲಿನ ಹಾಸು. ನಡುವೆ ಆರೋಗ್ಯ ಕೆಟ್ಟು ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು, ಚೇತರಿಸಿಕೊಂಡು ಮತ್ತೆ ಬಂದರು. 1852ರಲ್ಲಿ ಕೆಲಸ ಮುಗಿಯಿತು. ಸಾವಿರಾರು ಕೂಲಿಗಳನ್ನು ಹೊಂದಿಸಿ ನಡೆಸಿದ ವೀಣಂ ವೀರಣ್ಣ ಎಂಬ ಸ್ಥಳೀಯ ಮೇಲ್ವಿಚಾರಕರ ಹೆಸರನ್ನು ಇಲ್ಲಿ ಬಿಡಬಾರದು. ಕಲ್ಲು ಹೊತ್ತ ಆ ಸಾವಿರಾರು ಜನರ ಹೆಸರು ಮಾತ್ರ ಯಾವ ಪಟದಲ್ಲೂ ಇಲ್ಲ.

1860ರಲ್ಲಿ ಅವರು ಭಾರತ ಬಿಟ್ಟರು. ಮರುವರ್ಷ ಸರ್ ಪದವಿ ಬಂತು. ಆಗ ವಯಸ್ಸು 58; ಅಲ್ಲಿಂದ ಇನ್ನೂ 38 ವರ್ಷ ಬದುಕಿದ್ದರು, ಒಂದು ದಿನವೂ ಸುಮ್ಮನಿರಲಿಲ್ಲ ಎನ್ನಬೇಕು. ಈ ದೇಶಕ್ಕೆ ರೈಲಿಗಿಂತ ಮೊದಲು ನೀರು ಬೇಕು, ಹೊಳೆಗಳನ್ನು ಕಾಲುವೆಗಳಿಂದ ಜೋಡಿಸಬೇಕು, ಅದರಲ್ಲೇ ದೋಣಿ ಸಾಗಬೇಕು ಎಂಬುದು ಅವರ ಒಂದೇ ಪಟ್ಟು. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ನೆನೆಯುತ್ತಿದ್ದ 1876-78ರ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಬರಿದು ಮಾಡಿದಾಗ ಅವರ ಸಿಟ್ಟು ನೆತ್ತಿಗೇರಿತು. 1878ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ 75ರ ಮುದುಕರು ನಿಂತು ವಾದಿಸಿದರು. ಸಮಿತಿ ಒಪ್ಪಲಿಲ್ಲ.

ಅವರ ಎಲ್ಲ ಲೆಕ್ಕವೂ ಸರಿ ಇತ್ತೆಂದು ನಾನು ಹೇಳಲಾರೆ. ತುಂಗಭದ್ರೆಯ ನೀರನ್ನು ಸುಂಕೇಸುಲದಿಂದ ಒಯ್ದ ಕರ್ನೂಲು–ಕಡಪ ಕಾಲುವೆ ಅವರ ಯೋಚನೆಯದೇ. ಅದನ್ನು ತೋಡಿಸಿದ ಕಂಪನಿ ನಷ್ಟದಲ್ಲಿ ಮುಳುಗಿ, ಕೊನೆಗೆ ಸರ್ಕಾರ ಕೊಳ್ಳಬೇಕಾಯಿತು. ಮಳೆ ಸರಿಯಾದ ವರ್ಷ ಎರೆಹೊಲದ ರೈತ ದುಡ್ಡು ಕೊಟ್ಟು ನೀರು ಪಡೆಯಲಿಲ್ಲ. ಎರೆಭೂಮಿಯ ಸ್ವಭಾವ ಬಲ್ಲ ನಮ್ಮೂರ ಯಾರನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದರು! ಇನ್ನು, ಅವರು ದುಡಿದದ್ದು ಕಂಪನಿಯ ಬೊಕ್ಕಸಕ್ಕೂ ಹೌದು. ನೀರು ಕೊಟ್ಟರೆ ಕಂದಾಯ ಹೆಚ್ಚುತ್ತದೆ ಎಂದು ತೋರಿಸಿಯೇ ಅವರು ಮಂಜೂರಾತಿ ಪಡೆಯುತ್ತಿದ್ದರು. ನೌಕರಿಯಲ್ಲಿ ಕಡತ ಹೊತ್ತು ತಿರುಗಿದ ನನಗೆ ಆ ಉಪಾಯ ಅರ್ಥವಾಗುತ್ತದೆ.

ಹೊಸಪೇಟೆ ಬಳಿ ತುಂಗಭದ್ರೆಗೆ ಅಣೆಕಟ್ಟು ಎಂಬ ಮಾತು ಮೊದಲು ಎದ್ದದ್ದೂ 1860ರಲ್ಲಿ, ಕಾಟನ್ನರಿಂದಲೇ. ಕೆಲಸ ಶುರುವಾದದ್ದು 1945ರಲ್ಲಿ, ನೀರು ಬಿಟ್ಟದ್ದು 1953ರಲ್ಲಿ. ನಡುವಿನ ಆ ತೊಂಬತ್ತಮೂರು ವರ್ಷದಲ್ಲಿ ನಮ್ಮ ಸೀಮೆ ಎಷ್ಟು ಬರ ಉಂಡಿತು, ಎಷ್ಟು ಮನೆ ಗುಳೆ ಹೋದವು ಎಂದು ಇಲ್ಲಿಯ ಹಿರಿಯರಿಗೆ ನಾನು ಹೇಳಬೇಕಿಲ್ಲ.

ಕೊನೆಗಾಲದಲ್ಲಿ ಡಾರ್ಕಿಂಗ್ ಎಂಬ ಊರಿನಲ್ಲಿದ್ದು, ನೆಲವನ್ನು ಆಳವಾಗಿ ಅಗೆದರೆ ಗೋಧಿ ಎಷ್ಟು ಹೆಚ್ಚು ಬೆಳೆಯುತ್ತದೆ ಎಂದು ತಮ್ಮ ತೋಟದಲ್ಲೇ ಪರೀಕ್ಷೆ ಮಾಡುತ್ತಿದ್ದರು. 1899ರ ಜುಲೈ 24ರಂದು, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೋದಾವರಿ ಸ್ನಾನದ ಸಂಕಲ್ಪದಲ್ಲಿ ಅವರನ್ನು ಭಗೀರಥನೆಂದು ಸ್ಮರಿಸುವ ಪುರೋಹಿತರು ಆ ಕಡೆ ಇದ್ದಾರೆ. ಹಳೆಯ ಒಡ್ಡಿನ ಬದಲು ಬಂದಿರುವ ಬ್ಯಾರೇಜಿಗೂ ಅವರದೇ ಹೆಸರು. ಧವಳೇಶ್ವರದಲ್ಲಿ ಅವರ ವಸ್ತುಸಂಗ್ರಹಾಲಯವಿದೆ. ಶಾಲಾ ಪ್ರವಾಸ ಆ ದಿಕ್ಕಿಗೆ ಹೊರಟರೆ ಶಿಕ್ಷಕರು ಅಲ್ಲಿ ಅರ್ಧ ದಿನ ಇಟ್ಟುಕೊಳ್ಳಲಿ. ಕ್ಯಾಂಪಿನ ಮಕ್ಕಳನ್ನಷ್ಟೇ ಅಲ್ಲ, ಎಲ್ಲರನ್ನೂ ಕರೆದೊಯ್ಯಲಿ.