ಭೀಮೆಯ ಆಚೆಯ ದಿವಾನ

ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಎಲ್ಲೆಯಾಚೆಗೆ ಒಂದು ಕಾಲಕ್ಕೆ ಬೇರೊಂದು ರಾಜ್ಯವೇ ಇದ್ದಿತು. ಈಚೆ ಮುಂಬಯಿ ಇಲಾಖೆ, ಆಚೆ ನಿಜಾಮರ ಸಂಸ್ಥಾನ. ನುಡಿ ಒಂದೇ, ಬೆಳೆ ಒಂದೇ, ಬೀಗತನವೂ ಉಂಟು. ಆದರೆ ಬಾಗೇವಾಡಿಯ ಕಡೆಯ ಹತ್ತಿಯ ಅಂಡಿಗೆ ಆಚೆಯ ಪೇಟೆ ಸೇರಬೇಕಾದರೆ ಕರೋಡಗಿರಿಯ ನಾಕೆಯಲ್ಲಿ ಸುಂಕ ತೆರಬೇಕು. ಆ ವ್ಯವಸ್ಥೆಯನ್ನು ಬಲಪಡಿಸಿದವನು ಹೈದರಾಬಾದಿನ ದಿವಾನ ಮೀರ್ ತುರಾಬ್ ಅಲಿ ಖಾನ್, ಅರ್ಥಾತ್ ಒಂದನೆಯ ಸಾಲಾರ್ ಜಂಗ್.

1829ರಲ್ಲಿ ಜನಿಸಿದ ಈತನ ಪೂರ್ವಿಕರು ಬಿಜಾಪುರದ ಆದಿಲಶಾಹಿ ಅರಸರಲ್ಲಿ ಅಧಿಕಾರಿಗಳಾಗಿದ್ದವರು. ಆದುದರಿಂದ ನಮಗೆ ಅವನು ಪೂರ್ತಿ ಪರಕೀಯನಲ್ಲ. 1853ರ ಮೇ ತಿಂಗಳಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ದಿವಾನಗಿರಿ ಅವನ ಹೆಗಲೇರಿತು. ಅದೇ ತಿಂಗಳು ಸಂಸ್ಥಾನವು ಹತ್ತಿಯ ಸೀಮೆಯಾದ ಬೆರಾರನ್ನೂ ರಾಯಚೂರು ದೋಆಬನ್ನೂ ಕಂಪನಿಯ ಕೈಗೊಪ್ಪಿಸಿತ್ತು. ಬೊಕ್ಕಸ ಬರಿದು, ಅನೇಕ ತಾಲ್ಲೂಕುಗಳ ಕಂದಾಯವು ಅರಬ್, ರೋಹಿಲಾ ಸಾವುಕಾರರಲ್ಲಿ ಒತ್ತೆ. ಸಾಲದುದಕ್ಕೆ ಜಹಗೀರಿಗೊಂದು ಸುಂಕದ ಕಟ್ಟೆ. ನೂರಕ್ಕೆ ಐದರಂತೆ ಸುಂಕವೆಂದು 1802ರ ವ್ಯಾಪಾರದ ಒಪ್ಪಂದ ಗೊತ್ತುಪಡಿಸಿದ್ದರೂ, ಎತ್ತಿನ ಹೇರು ದಾರಿಯುದ್ದಕ್ಕೂ ರಹದಾರಿ ತೆರುತ್ತಲೇ ಸಾಗುತ್ತಿತ್ತು.

ಸಾಲಾರ್ ಜಂಗನು ಈ ಒಳಸುಂಕಗಳನ್ನು ತೆಗೆಯಿಸಿ ವಸೂಲಿಯನ್ನು ಗಡಿಗೆ ಒಯ್ದನು. ಹೇಳುವುದಕ್ಕೆ ಇದು ಸುಲಭ. ಜಹಗೀರದಾರನು ಹಣವನ್ನಾದರೂ ಬಿಟ್ಟಾನು, ದೊರೆತನದ ಕುರುಹಾದ ಕಟ್ಟೆಯನ್ನು ಬಿಡುವುದೆಂತು? 1834ರಲ್ಲಿ ಜರ್ಮನಿಯ ಸಂಸ್ಥಾನಗಳು ಸುಂಕದ ಒಕ್ಕೂಟ ಕಟ್ಟಿದಾಗಲೂ ತೊಡಕು ಇದೇ ಆಗಿದ್ದಿತು. ಅಲ್ಲಿ ಅರಸರು ಹುಟ್ಟುವಳಿಯನ್ನು ಜನಸಂಖ್ಯೆಗನುಗುಣವಾಗಿ ಹಂಚಿಕೊಂಡು ಒಪ್ಪಿದರು. ಇಲ್ಲಿ ಒಬ್ಬ ದಿವಾನನ ಹಟವೇ ಅದನ್ನು ಸಾಧಿಸಬೇಕಾಯಿತು.

1860ರಲ್ಲಿ ರಾಯಚೂರು ದೋಆಬು ಹಿಂದಿರುಗಿತು. ಬಂಡಾಯದಲ್ಲಿ ಅಳಿದ ಸುರಪುರದ ಸೀಮೆಯೂ ನಿಜಾಮರಿಗೆ ಸಂದಿತು. ಹೀಗೆ ಸುಂಕದ ಗಡಿ ಮುದ್ದೇಬಿಹಾಳದ ಬಾಗಿಲಿಗೇ ಬಂದು ನಿಂತಿತು. ಒಳಗೆ ದಾರಿ ತೆರೆದ ಕೈಯೇ ಹೊರಗೆ ಗೋಡೆಯನ್ನು ಭದ್ರಪಡಿಸಿತೆಂಬುದು ವಿಚಿತ್ರ. ಬೆರಾರಿನ ಉತ್ಪನ್ನವಿಲ್ಲದ ದಿವಾನನಿಗೆ ನಗದು ಆದಾಯದ ಬೇರೆ ಮಾರ್ಗಗಳು ಕಡಮೆಯಿದ್ದುವು, ನಿಜ. ಆದರೂ ಆ ಸುಂಕದ ಒಂದು ಪಾಲನ್ನು ತೆತ್ತವನು ನಮ್ಮ ಎರೆಭೂಮಿಯ ಒಕ್ಕಲಿಗನೆಂದೇ ನನ್ನ ಎಣಿಕೆ.

1865ರಲ್ಲಿ ಜಿಲ್ಲೆಗಳ ಏರ್ಪಾಡು, 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು: ಇವೂ ಅವನ ಕಾಲದವೇ. ಬೆರಾರನ್ನು ಮರಳಿ ಪಡೆಯಲು ಅವನು ಮಾಡಿದ ಯತ್ನಗಳೊಂದೂ ಫಲಿಸಲಿಲ್ಲ. 1883ರ ಫೆಬ್ರವರಿ 8ರಂದು ಕಾಲರಾಬೇನೆಗೆ ತುತ್ತಾದನು.

ನಾಕೆಗಳು ಅವನ ತರುವಾಯವೂ ಬಹುಕಾಲ ಬಾಳಿದುವು. ಅಂಥ ಸಂಸ್ಥಾನಗಳ ಗಡಿಸುಂಕಕ್ಕೆ ಹತ್ತು ವರ್ಷ ಮೀರದ ಅವಕಾಶವನ್ನು ಸಂವಿಧಾನವೂ 306ನೆಯ ವಿಧಿಯಲ್ಲಿ ಇಟ್ಟಿದ್ದಿತು. ಏಳನೆಯ ತಿದ್ದುಪಡಿಯಿಂದ ಆ ವಿಧಿ ಅಳಿದುದು 1956ರ ನವೆಂಬರ್ 1ರಂದು. ಬಿಜಾಪುರವೂ ಕಲಬುರ್ಗಿಯೂ ಒಂದೇ ರಾಜ್ಯಕ್ಕೆ ಸೇರಿದುದೂ ಅಂದೇ.