ಉಪಯೋಗವಿಲ್ಲದ ಒಂದು ಸಂಖ್ಯೆ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಅಂಕಿಗಳಲ್ಲಿ ಬರೆದರೆ 2,14,74,83,647. ಮೂವತ್ತೊಂದು ಎರಡುಗಳ ಗುಣಲಬ್ಧದಿಂದ ಒಂದನ್ನು ಕಳೆದಾಗ ದೊರೆಯುವ ಈ ಸಂಖ್ಯೆಯನ್ನು, ಒಂದು ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದೂ ಶೇಷವಿಲ್ಲದೆ ಭಾಗಿಸಲಾರದು. ಅದನ್ನು ಸಾಧಿಸಿ ತೋರಿಸಿದವರು ಲಿಯೊನ್‌ಹಾರ್ಡ್ ಆಯ್ಲರ್. ವಿದ್ಯೆಯ ಬೆಲೆಯನ್ನು ಅದರ ತಕ್ಷಣದ ಪ್ರಯೋಜನದಿಂದ ಅಳೆಯುವ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಅವರ ಬಾಳು ನೆನಪಾಗುತ್ತದೆ.

ಆಯ್ಲರ್ ಹುಟ್ಟಿದ್ದು 1707ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಪಾದ್ರಿಯಾಗಿದ್ದ ತಂದೆಗೆ ಮಗನೂ ಪಾದ್ರಿಯಾಗಲೆಂಬ ಆಸೆ. ಹುಡುಗನ ಪ್ರತಿಭೆಯನ್ನು ಗುರುತಿಸಿದ ಯೋಹಾನ್ ಬರ್ನೌಲಿ ತಂದೆಯ ಮನವೊಲಿಸಿದರು. 1727ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿ ಸೇರಿದ ಆಯ್ಲರ್, 1741ರಲ್ಲಿ ಬರ್ಲಿನ್ನಿಗೆ ತೆರಳಿ, 1766ರಲ್ಲಿ ಮತ್ತೆ ರಷ್ಯಕ್ಕೆ ಮರಳಿದರು. ಲೋಕೋಪಯೋಗಿ ಕೆಲಸಕ್ಕೆ ಅವರು ಎಂದೂ ಬೆನ್ನು ತಿರುಗಿಸಿದವರಲ್ಲ. ಹಡಗು ನಿರ್ಮಾಣದ ಶಾಸ್ತ್ರ, ರಷ್ಯದ ಭೂಪಟ, ದೊರೆ ಫ್ರೆಡರಿಕನ ಲಾಟರಿ ಯೋಜನೆ ಎಲ್ಲಕ್ಕೂ ಅವರ ಬುದ್ಧಿ ಬೇಕಾಯಿತು.

ಬಲಗಣ್ಣಿನ ದೃಷ್ಟಿ ಮೂವತ್ತರ ಹರೆಯದಲ್ಲೇ ಕುಂದಿತ್ತು. ಎಡಗಣ್ಣಿಗೆ ಪೊರೆ ಬಂದು, 1771ರ ಶಸ್ತ್ರಚಿಕಿತ್ಸೆಯ ಬಳಿಕ ಅದೂ ಹೋಯಿತು. ಅದೇ ವರ್ಷ ಮನೆ ಬೆಂಕಿಗೆ ಆಹುತಿಯಾಯಿತು. 1773ರಲ್ಲಿ ಪತ್ನಿ ತೀರಿಕೊಂಡರು. ಇಂತಹ ದಿನಗಳ ನಡುವೆಯೇ, 1772ರ ವೇಳೆಗೆ, ಬರ್ನೌಲಿ ಮನೆತನದ ಒಬ್ಬರಿಗೆ ಬರೆದ ಪತ್ರದಲ್ಲಿ ಅವರು ಈ ಸಂಖ್ಯೆ ಅವಿಭಾಜ್ಯವೆಂದು ತಿಳಿಸಿದರು.

ಅದು ಅವಿಭಾಜ್ಯವೆಂದು ಫ್ರಾನ್ಸಿನ ಮರ್ಸೆನ್ 1644ರಲ್ಲೇ ಹೇಳಿದ್ದರು. ಆದರೆ ಹೇಳುವುದೇ ಬೇರೆ, ಸಾಧಿಸುವುದೇ ಬೇರೆ. ಇದರ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಸುಮಾರು 4,800 ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು ನೇರ ಮಾರ್ಗ. ಆಯ್ಲರ್ ಮೊದಲು ಯೋಚಿಸಿದರು. ಇದಕ್ಕೆ ಅವಿಭಾಜ್ಯ ಭಾಜಕವೊಂದು ಇರುವುದೇ ಆದರೆ, ಅದನ್ನು 248ರಿಂದ ಭಾಗಿಸಿದಾಗ ಉಳಿಯುವ ಶೇಷ 1 ಅಥವಾ 63 ಆಗಿರಲೇಬೇಕೆಂದು ಕಂಡುಕೊಂಡರು. ಪರೀಕ್ಷಿಸಬೇಕಾದ ಸಂಖ್ಯೆಗಳು ನಾನೂರಕ್ಕೂ ಕಡಿಮೆಯಾದವು. ಅವುಗಳಲ್ಲಿನ ಅವಿಭಾಜ್ಯಗಳಲ್ಲಿ ಒಂದೂ ಭಾಗಿಸಲಿಲ್ಲ. ಮರ್ಸೆನ್ನರ ಅದೇ ಪಟ್ಟಿಯಲ್ಲಿದ್ದ, 67 ಎರಡುಗಳಿಂದ ಪಡೆದ ಸಂಖ್ಯೆ ಅವಿಭಾಜ್ಯವಲ್ಲವೆಂದು 1876ರಲ್ಲಿ ಲೂಕಾಸ್ ತೋರಿಸಿದರು. ದೊಡ್ಡವರ ಮಾತೆಂದು ಒಪ್ಪಿ ಸುಮ್ಮನಾಗದೆ ಆಯ್ಲರ್ ಪಟ್ಟ ಶ್ರಮದ ಅರ್ಥ ಇಲ್ಲಿದೆ.

1783ರಲ್ಲಿ ಅವರು ನಿಧನರಾದರು. ಈ ಸಂಖ್ಯೆಯಿಂದ ಹತ್ತೊಂಬತ್ತು ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. ಅದರದೇ ಹೊರತಾದ ಭಾಜಕಗಳನ್ನೆಲ್ಲ ಕೂಡಿದರೆ ಅದೇ ಸಂಖ್ಯೆ ಬರುತ್ತದೆ. ಇಂತಹವು ಕುತೂಹಲಕ್ಕಷ್ಟೇ, ಪ್ರಯೋಜನಕ್ಕಲ್ಲ. ಆದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಭಾವಿಸಿದರು. ಅವರ ಊಹೆ ಸುಳ್ಳಾಯಿತು. ಪ್ರಯೋಜನವೂ ತಾನಾಗಿ ಬಂತು. 1969ರಲ್ಲಿ ಐಬಿಎಂ ಗಣಕಗಳಿಗಾಗಿ ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ವಿಧಾನವೊಂದನ್ನು ರೂಪಿಸಿದಾಗ ಆಧಾರವಾದದ್ದು ಇದೇ ಸಂಖ್ಯೆ. ಪ್ರತಿ ಬಾರಿ 16,807ರಿಂದ ಗುಣಿಸಿ, ಇದರಿಂದ ಭಾಗಿಸಿ, ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ ಹೋದರೆ, ಸೊನ್ನೆಯ ಹೊರತು ಇದಕ್ಕಿಂತ ಚಿಕ್ಕದಾದ ಪೂರ್ಣ ಸಂಖ್ಯೆಗಳೆಲ್ಲವೂ ಒಂದೊಂದು ಬಾರಿ ಬಂದ ಮೇಲೆಯೇ ಸರಣಿ ಮರುಕಳಿಸುತ್ತದೆ. ಸಂಖ್ಯೆ ಅವಿಭಾಜ್ಯವಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ.

ಸುಮಾರು ಇನ್ನೂರು ವರ್ಷಗಳ ಬಳಿಕ ಯಾರೋ ಗಣಕ ಕಟ್ಟುವರೆಂದು ಆಯ್ಲರ್ ಲೆಕ್ಕ ಮಾಡಲಿಲ್ಲ. ತಿಳಿಯಬೇಕೆನಿಸಿತು, ತಿಳಿದರು. ಇದನ್ನು ಓದಿ ಏನು ಸಂಪಾದಿಸುತ್ತೀ ಎಂದು ಮಕ್ಕಳನ್ನು ಕೇಳುವ ನಮ್ಮ ಮನೆಗಳಲ್ಲಿ, ಇದು ನಿಜವೇ, ಹೇಗೆ ಗೊತ್ತು ಎಂಬ ಪ್ರಶ್ನೆಗೂ ಒಂದಿಷ್ಟು ಜಾಗ ಉಳಿಯಬೇಕೆಂದು ನನಗನ್ನಿಸುತ್ತದೆ.