ಪುಣೆಯಲ್ಲಿ ವಿಶ್ವೇಶ್ವರಯ್ಯ: ಬರ ಮತ್ತು ನೆರೆಯ ನಡುವೆ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕೇಳಿದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಕನ್ನಂಬಾಡಿಯ ಕಟ್ಟೆ. ಆ ಕಟ್ಟೆಯ ಹಿಂದಿನ ವಿವೇಕವು ಬಹುಮಟ್ಟಿಗೆ ರೂಪುಗೊಂಡದ್ದು ಪುಣೆಯ ಸುತ್ತಣ ಮುಠಾ ಮತ್ತು ನೀರಾ ನದಿಗಳ ದಡದಲ್ಲಿ. ದಿವಾನಗಿರಿಯ ಪ್ರಭೆಯಲ್ಲಿ ಮಸುಕಾಗಿರುವ ಆ ವರ್ಷಗಳನ್ನು ಇಲ್ಲಿ ಸಂಕ್ಷೇಪವಾಗಿ ಅವಲೋಕಿಸಬಹುದು.

ಮುದ್ದೇನಹಳ್ಳಿಯ ಸಂಸ್ಕೃತ ವಿದ್ವಾಂಸ ಶ್ರೀನಿವಾಸ ಶಾಸ್ತ್ರಿ ಮತ್ತು ವೆಂಕಟಲಕ್ಷ್ಮಮ್ಮ ದಂಪತಿಗಳ ಈ ಮಗ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಪಾಠ ಹೇಳಿ ತಮ್ಮ ಓದಿನ ವೆಚ್ಚವನ್ನು ತಾವೇ ನಿಭಾಯಿಸಿಕೊಂಡು, 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿ, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಾಸಿಕ್, ಖಾನದೇಶ, ಸಿಂಧದ ಸಕ್ಕರ್ ಮುಂತಾದೆಡೆ ದುಡಿದು, ಶತಮಾನದ ಕೊನೆಯಲ್ಲಿ ಮತ್ತೆ ಪುಣೆಗೆ ಬಂದಾಗ ಆ ಸೀಮೆ ಮಹಾಕ್ಷಾಮಗಳಿಂದ ಜರ್ಝರಿತವಾಗಿತ್ತು.

ಬರದ ನಡುವೆಯೇ ನೀರಿನ ದುಂದುವೆಚ್ಚವೂ ನಡೆದಿತ್ತೆಂಬುದು ಅವರ ಗಮನಕ್ಕೆ ಬಂದ ಮುಖ್ಯ ಸಂಗತಿ. ಪುಣೆ ಜಿಲ್ಲೆಯ ಪೂರ್ವದಲ್ಲಿರುವ ಬಾರಾಮತಿಯ ಸ್ಥಿತಿ ಇದಕ್ಕೆ ನಿದರ್ಶನ. ಮರಾಠಿಯ ಪಂಡಿತಕವಿ ಮೋರೋಪಂತರು ಬಾಳಿದ ಈ ಊರಿಗೆ ಮಳೆ ಅಪರೂಪ. ಜೋಳವೇ ಅಲ್ಲಿನವರ ಜೀವಾಧಾರ. ಭಾಟಘರ್ ಜಲಾಶಯದ ಆಸರೆಯ ನೀರಾ ಎಡದಂಡೆ ಕಾಲುವೆ ಬಂದ ಮೇಲೆ ಕಬ್ಬು ಬೆಳೆಯಿತು, ಬೆಲ್ಲದ ವ್ಯಾಪಾರ ಕುದುರಿತು. ಆದರೆ ಕಾಲುವೆಯ ಮೇಲ್ಭಾಗದವರು ಮನಸ್ಸಿಗೆ ಬಂದಷ್ಟು ನೀರು ಹಾಯಿಸಿದರೆ ಕೆಳಭಾಗದವರ ಪೈರು ಒಣಗುತ್ತಿತ್ತು. ಅತಿಯಾಗಿ ನೀರುಂಡ ನೆಲವೋ ಜೌಗಾಗಿ, ಸವಳಾಗಿ ಕೆಡುತ್ತಿತ್ತು. ಹೀಗೆ ಒಂದೇ ಕಾಲುವೆ ಒಬ್ಬನಿಗೆ ಬರವನ್ನೂ ಇನ್ನೊಬ್ಬನಿಗೆ ನೆರೆಯನ್ನೂ ತರುತ್ತಿತ್ತು.

ಇದಕ್ಕೆ ಪರಿಹಾರವಾಗಿ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ನೀರು ಬಸಿದುಹೋಗುವ ಯೋಗ್ಯ ಭೂಮಿಯನ್ನು ಆರಿಸಿ ಗೊತ್ತಾದ ವಿಸ್ತೀರ್ಣದ ಪಾಲುಗಳನ್ನಾಗಿ ವಿಂಗಡಿಸುವುದು; ಪ್ರತಿಯೊಂದರಲ್ಲೂ ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬಿನಂತಹ ಹೆಚ್ಚು ನೀರಿನ ಬೆಳೆ, ಉಳಿದುದರಲ್ಲಿ ಮಿತವಾದ ನೀರಿನ ಮತ್ತು ಒಣಬೇಸಾಯದ ಬೆಳೆಗಳನ್ನು ಸರದಿಯ ಮೇಲೆ ಬೆಳೆಸುವುದು ಇದರ ತಿರುಳು. ಬೇಕಾದಷ್ಟು ನೀರಿಗೆ ಒಗ್ಗಿಹೋಗಿದ್ದ ರೈತರು ಮೊದಲು ಇದನ್ನು ವಿರೋಧಿಸಿದರು. ವಿಶ್ವೇಶ್ವರಯ್ಯನವರು ಅವರೊಡನೆ ಮಾತುಕತೆ ನಡೆಸಿ, ಪ್ರಯೋಗದ ಮೂಲಕ ಒಪ್ಪಿಸುವ ಮಾರ್ಗ ಹಿಡಿದರು. ಸ್ಕಾಟ್ ಮಾಂಕ್ರೀಫರ ನೇತೃತ್ವದ ನೀರಾವರಿ ಆಯೋಗ ಈ ಯೋಜನೆಯನ್ನು ಮೆಚ್ಚಿಕೊಂಡಿತು. ಒಂದು ಸಣ್ಣ ಕೃಷಿಪಟ್ಟಣದ ಏಳಿಗೆ ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಹಂಚಿಕೆಯನ್ನು ಅವಲಂಬಿಸಿದೆಯೆಂಬುದೇ ಇಲ್ಲಿಯ ಪಾಠ.

ಪುಣೆಗೆ ನೀರುಣಿಸುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಲ್ಲಿ ಸಮಸ್ಯೆ ಬೇರೆ ಬಗೆಯದು. ಮಳೆಗಾಲದಲ್ಲಿ ಕೋಡಿಯ ಮೇಲೆ ಹಲವು ಅಡಿ ನೀರು ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೀರಿಗೆ ಬರ. ಕಟ್ಟೆಯನ್ನೇ ಎತ್ತರಿಸುವ ಬದಲು, ಕೋಡಿಯ ಮೇಲೆ ತಾವೇ ರೂಪಿಸಿದ ಸ್ವಯಂಚಾಲಿತ ದ್ವಾರಗಳನ್ನು 1903ರ ಹೊತ್ತಿಗೆ ಅಳವಡಿಸಿದರು. ನೀರು ಕೋಡಿಯಿಂದ ಸುಮಾರು 8 ಅಡಿ ಏರುವವರೆಗೂ ಅವು ಮುಚ್ಚಿರುತ್ತಿದ್ದವು. ಅದನ್ನು ಮೀರಿ ಪ್ರವಾಹ ಬಂದರೆ ತಾವಾಗಿಯೇ ತೆರೆದು, ಇಳಿದೊಡನೆ ಮುಚ್ಚಿಕೊಳ್ಳುತ್ತಿದ್ದವು. ಈ ದ್ವಾರಗಳಿಗೆ ಏಕಸ್ವಾಮ್ಯದ ಹಕ್ಕು ಪಡೆದಿದ್ದರೂ, ಸರ್ಕಾರಿ ಸೇವೆಯಲ್ಲಿದ್ದು ಮಾಡಿದ ಕೆಲಸಕ್ಕೆ ಗೌರವಧನವನ್ನು ಅವರು ಸ್ವೀಕರಿಸಲಿಲ್ಲ.

ಪುಣೆಯಲ್ಲಿ ಪಕ್ವಗೊಂಡ ಈ ದೃಷ್ಟಿಯೇ ಮುಂದಿನ ಸಾಧನೆಗಳ ಬೇರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಕೊಚ್ಚಿಹಾಕಿದಾಗ, ನೆರೆಯನ್ನು ನಗರದ ಮೇಲ್ಗಡೆಯೇ ತಡೆದು ಶೇಖರಿಸಬೇಕೆಂದು ಅವರು ಸೂಚಿಸಿದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಆ ಸಲಹೆಯ ಫಲ. ಊರು ಮುಳುಗಿಸಿದ ನೀರೇ ಊರಿಗೆ ಕುಡಿಯುವ ನೀರಾಯಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಅವರು ಕೃಷ್ಣರಾಜಸಾಗರಕ್ಕೂ ಸ್ವಯಂಚಾಲಿತ ದ್ವಾರಗಳನ್ನು ಯೋಜಿಸಿದರು. ನೀರಾ ಕಣಿವೆಯ ಸರದಿ ಬೇಸಾಯದ ತತ್ತ್ವ ಮುಂದೆ ಮಂಡ್ಯದ ನಾಲಾಪ್ರದೇಶದಲ್ಲಿಯೂ ಆಚರಣೆಗೆ ಬಂತು. 1912ರಿಂದ 1918ರವರೆಗಿನ ಅವರ ದಿವಾನಗಿರಿಯಲ್ಲಿಯೇ ಕನ್ನಡ ಸಾಹಿತ್ಯ ಪರಿಷತ್ತೂ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿದವು ಎಂಬುದನ್ನು ಕನ್ನಡದ ವಿದ್ಯಾರ್ಥಿಗಳು ಮರೆಯಲಾಗದು.

ಅವರ ಜೀವನದ ಕಡೆಯ ಅಧ್ಯಾಯದಲ್ಲಿ ಒಂದು ದಾರುಣ ಸಂಗತಿಯಿದೆ. ಜನ್ಮಶತಮಾನೋತ್ಸವದ ಮರುವರ್ಷ, 1961ರ ಜುಲೈ 12ರಂದು, ಕೆಲಸ ಪೂರ್ಣಗೊಳ್ಳುವ ಮೊದಲೇ ಮಳೆಗಾಲದ ನೀರು ತುಂಬಿಕೊಂಡಿದ್ದ ಪಾನಶೇತ್ ಕಟ್ಟೆ ಒಡೆಯಿತು. ಆ ಪ್ರವಾಹದ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾ ಕಟ್ಟೆಯೂ ಕುಸಿದು, ಮುಠಾ ದಡದ ಹಳೆಯ ಪುಣೆ ಜಲಾವೃತವಾಯಿತು. ತಮ್ಮ ಯೌವನದ ಪರಿಶ್ರಮವನ್ನು ಧರಿಸಿದ್ದ ಕಟ್ಟೆ ಅಳಿದಾಗ ಆ ಹಿರಿಯರು ಇನ್ನೂ ಬದುಕಿದ್ದರು; 1962ರ ಏಪ್ರಿಲ್‌ನಲ್ಲಿ ಕಾಲವಾದರು.

ಯಂತ್ರ ಎಷ್ಟೇ ಜಾಣ್ಮೆಯದಾದರೂ ನೀರಿನ ಲೆಕ್ಕವನ್ನು ತಪ್ಪಿದ ಅವಸರದಿಂದ ಊರನ್ನು ಕಾಪಾಡಲಾರದು ಎಂಬುದನ್ನು ಆ ದುರಂತ ತೋರಿಸಿತು. ವಿಶ್ವೇಶ್ವರಯ್ಯನವರು ಪುಣೆಯ ವರ್ಷಗಳಲ್ಲಿ ಸಾಧಿಸಿದ್ದು ಆ ಲೆಕ್ಕವನ್ನೇ: ಕೋಡಿಯಲ್ಲಿ ಪ್ರವಾಹಕ್ಕೆ ದಾರಿ, ಹೊಲದಲ್ಲಿ ಆಸೆಗೆ ಮಿತಿ. ಕಟ್ಟೆಗಳಿಗಿಂತ ದೀರ್ಘಕಾಲ ನಿಲ್ಲಬೇಕಾದದ್ದು ಈ ವಿವೇಕ.